ಮಂಗಳಾಳ ಆಟ ನಾನು ಆಡಿದ್ದು

ನಮ್ಮೂರಿನಲ್ಲಿ ಪೂಲ್ ಆಡುವುದರಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬನಿಲ್ಲ. ಇದನ್ನು ನಾನೇ ಹೇಳಿಕೊಳ್ಳಬಾರದು, ನಿಜ. ಬೇರೆಯವರು ಹೇಳಲಿ ಅಂತ ಕಾದು ಕಾದು ಸಾಕಾಗಿ ಈಗ ನಾನೇ ಹೇಳುತ್ತಿದ್ದೇನೆ. ನನ್ನ ಹೆಸರು ಫಾಲಾಕ್ಷ. ಬಸ್‌ಸ್ಟ್ಯಾಂಡಿನ ಎದುರು ಗೋಲಿ ಸೋಡಾ ಮಾಡುತ್ತೇನೆ. ನನ್ನ ಸೋಡಾ ಕುಡಿದು ಯಾರಾದರೂ ತೇಗಿದರೆ ಮೂರು ಬೀದಿಯಾಚೆ ಮಲಗಿದ್ದ ನಾಯಿ ಎದ್ದು ಕೂರುತ್ತದೆ. ಕಣ್ಣು ಬಿಟ್ಟಾಗಿನಿಂದ ಗೋಲಿಗಳ ಜೊತೆಗೇ ಬೆಳೆದವನಾದ್ದರಿಂದ ಉರುಳುವ ಯಾವ ವಸ್ತುವೂ ನನ್ನ ಮಾತು ಮೀರುವುದಿಲ್ಲ. ಒಮ್ಮೆ ನಾನು ಹೊಡೆದ ಬಿಳಿ ಚೆಂಡು ಮೇಜಿನ ನಾಲ್ಕೂ ಅಂಚಿಗೆ ಬಡಿದು, ದಾರಿಯಲ್ಲಿ ಸಿಕ್ಕ ಐದು ಚೆಂಡುಗಳನ್ನು ಪಾಕೆಟ್ಟಿಗೆ ಕಳಿಸಿ, ವಾಪಸು ಬಂದು ನನ್ನ ಕೋಲಿನ ತುದಿಗೆ ಒರಗಿ ನಿಂತಿತು. ನೋಡಿದವರಲ್ಲಿ ಇಬ್ಬರು ಬೀದಿಯ ಜೊತೆ ಹೊರಟುಹೋದರು, ಮೂರನೆಯವನಿಗೆ ಕಣ್ಣು ಮಂದ. ಹಾಗಾಗಿ ನೀವು ನನ್ನನ್ನೇ ನಂಬಬೇಕು.

ನಮ್ಮೂರಿನ ಬೀದಿಗಳು ಹಾಗೆ, ಕೂತಲ್ಲಿ ಕೂರುವುದಿಲ್ಲ. ಮನೆ, ಅಂಗಡಿ, ಚರಂಡಿ, ಕರೆಂಟ್ ಕಂಬ, ಒಳಗಿದ್ದ ಜನ, ಒಣಹಾಕಿದ್ದ ಬಟ್ಟೆ ಎಲ್ಲವನ್ನೂ ಕಟ್ಟಿಕೊಂಡು ಒಂದು ದಿನ ಹೊರಟುಬಿಡುತ್ತವೆ. ಆಚೀಚೆಯ ಬೀದಿಗಳು ಸರಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕೆಲವು ತಿಂಗಳೊಪ್ಪತ್ತಿಗೆ ಬರುತ್ತವೆ, ಕೆಲವು ವರ್ಷಗಟ್ಟಲೆ ಕಾಯಿಸುತ್ತವೆ, ಕೆಲವು ಬರುವುದೇ ಇಲ್ಲ. ಕುಂಬಾರ ಬೀದಿ ಬಂದಾಗ ಅದರ ಚರಂಡಿಯ ತುಂಬ ಸಮುದ್ರದ ಮೀನು. ಎಲ್ಲಿಗೆ ಹೋಗಿದ್ದಿರಿ ಅಂತ ಕೇಳಿದರೆ ಆ ಜನ, "ನಾವೆಲ್ಲಿ ಹೋಗಿದ್ವಿ, ನೀವೇ ಕಾಣಲಿಲ್ಲ" ಅಂದುಬಿಟ್ಟರು. ನಾವು ಹೊಂದಿಕೊಂಡಿದ್ದೇವೆ. ಹೆಣ್ಣು ನೋಡಲು ಹೋದವರು ಹುಡುಗಿಯ ಗುಣಕ್ಕಿಂತ ಮೊದಲು ಬೀದಿಯ ಗುಣ ವಿಚಾರಿಸುತ್ತಾರೆ. ನೆಂಟರ ಮನೆಗೆ ಬರೀ ಕಾಫಿಗೆ ಹೋಗುವವರೂ ಎರಡು ಜೊತೆ ಬಟ್ಟೆ ಒಯ್ಯುತ್ತಾರೆ. ತಿರುಗುವ ಚಟವಿರುವ ಬೀದಿಗಳಿಗೆ ಹಾಲಿನವನು ದಿನಾ ಹಾಲು ಹಾಕುವ ವರ್ತನೆ ಹಿಡಿಯುವುದಿಲ್ಲ.

ಇದೆಲ್ಲ ಸಂಭಾಳಿಸಬಹುದು. ಸಂಭಾಳಿಸಲು ಆಗದೇ ಇದ್ದದ್ದು ನಮ್ಮ ಪೂಲ್ ಲೀಗು. ತಂಡಕ್ಕೆ ಐದು ಜನ, ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಆಟ. ಆಡುವವರೆಲ್ಲ ನನ್ನಂಥ ಅಂಗಡಿಯವರು, ಬ್ಯಾಂಡಿನವರು, ಇಸ್ತ್ರಿಯವರು. ಒಂದು ಬೀದಿ ಹೊರಟರೆ ಒಂದು ತಂಡಕ್ಕೆ ಒಬ್ಬರು ಕಡಿಮೆ. ಆಗೇನು ಮಾಡುವುದು? ಮೊದಲು, ಬಾರದವರ ಆಟ ಎದುರಾಳಿಗೆ ಅಂತ ಮಾಡಿದೆವು. ಬೀದಿ ಹೋದದ್ದು ನಮ್ಮ ತಪ್ಪಾ ಅಂತ ಕೋಲುಗಳೇ ಮುರಿದವು. ಆಮೇಲೆ, ತಂಡದಲ್ಲಿ ಉಳಿದವರೊಬ್ಬರು ಎರಡು ಸಲ ಆಡಲಿ ಅಂದೆವು. ಅದು ಇನ್ನೂ ಅನ್ಯಾಯ. ಪ್ರತಿ ತಂಡವೂ ತನ್ನ ಹುಲಿಯನ್ನೇ ಎರಡು ಸಲ ಬಿಡತೊಡಗಿತು. ಕೈಲಾಗದ ಆಟಗಾರನ ಬೀದಿ ಹೋದ ತಂಡಕ್ಕೆ ಜನ ಸಿಹಿ ಹಂಚಿ ಶುಭ ಹೇಳಿದರು. ನಮ್ಮ ನಾಯಕ ದೊರೆಸ್ವಾಮಿ, ಕಬ್ಬಿನ ಹಾಲಿನ ಗಾಣದವನು, ನಮ್ಮ ತಂಡದ ಇಸ್ತ್ರಿ ಚಿಕ್ಕಣ್ಣನ ಬೀದಿಗೆ ದಿನಾ ಬೆಳಿಗ್ಗೆ ಹೋಗಿ ಇಣುಕಿ, "ಇನ್ನೂ ಇಲ್ಲೇ ಇದೆಯಲ್ಲಪ್ಪ" ಅಂತ ಮುಖ ಸಣ್ಣ ಮಾಡಿಕೊಂಡು ಬರುತ್ತಿದ್ದ.

ಕೊನೆಗೆ ಒಂದು ನ್ಯಾಯವಾದ ದಾರಿ ಹುಡುಕಿದ್ದು ಬ್ಯಾಂಡ್ ತಂಡದ ನಾಯಕ ಬಾಬಾಜಾನ್ ಸಾಹೇಬರು. ಮದುವೆಗಳಲ್ಲಿ ಕ್ಲಾರಿನೆಟ್ ಊದುವ ಮನುಷ್ಯ. ನಾವೆಲ್ಲ ಬಾಬಣ್ಣ ಅನ್ನುತ್ತೇವೆ. ಅವರು ಹೇಳಿದ್ದು ಇಷ್ಟು. ಹೋದವರ ಕುರ್ಚಿ ಹಾಗೇ ಇರಲಿ. ಅವರ ಆಟವನ್ನು ಬೇರೆ ತಂಡದವನೊಬ್ಬ ಆಡಲಿ, ಅವನಿಗೆ ಗೆಲ್ಲುವ ಆಸೆ ಇರುವುದಿಲ್ಲ. ಆದರೆ ತನ್ನ ಆಟ ಆಡಬಾರದು, ಹೋದವರ ಆಟ ಆಡಬೇಕು. ಅವರು ಹಾಕುತ್ತಿದ್ದ ಚೆಂಡು ಹಾಕಬೇಕು, ತಪ್ಪಿಸುತ್ತಿದ್ದ ಚೆಂಡು ತಪ್ಪಿಸಬೇಕು. ಹೋದವರ ಜೊತೆ ಒಂದೇ ಪಂಕ್ತಿಯಲ್ಲಿ ಉಂಡವರು ಯಾರೇ ಆಗಲಿ, "ತಡಿ, ಹಾಗೆ ಆಡಲ್ಲ" ಅಂದರೆ ಕೋಲು ಹಿಂದಕ್ಕೆ.

ಆಗಿನ ಜಗಳಗಳನ್ನು ನೀವು ಕೇಳಬೇಕಿತ್ತು.

"ನಮ್ಮ ಪುಟ್ಟಾಚಾರಿ ಹೊಡೆಯೋಕೆ ಮುಂಚೆ ಕೆಮ್ಮುತಿದ್ದ. ನೀನು ಕೆಮ್ಮಲಿಲ್ಲ."

"ಕೆಮ್ಮು ವಾಸಿಯಾಗಿರಬಹುದಲ್ಲಯ್ಯ."

"ಆ ಬೀದೀಲಿ ಡಾಕ್ಟರೇ ಇಲ್ಲ, ಹೆಂಗೆ ವಾಸಿಯಾಗ್ತದೆ?"

ಹೀಗೆ ಜಗಳವಾಡುತ್ತಾ ಆಡುತ್ತಾ ಹೋದವರೆಲ್ಲ ನಮ್ಮ ನಡುವೆ ಕೂತಿರುವಂತೆಯೇ ಇತ್ತು. ಪುಟ್ಟಾಚಾರಿ ವಾಪಸು ಬಂದಾಗ ಊರಿಗೆ ಊರೇ ಅವನ ಹಾಗೆ ಕೆಮ್ಮುವುದನ್ನು ಕಲಿತಿತ್ತು.

ಈಗ ಮಂಗಳಾ ವಿಷಯ. ಸರ್ವಮಂಗಳಾ ಅಂತ ಪೂರ್ತಿ ಹೆಸರು. ಹಿಟ್ಟಿನ ಗಿರಣಿ ನಡೆಸುತ್ತಿದ್ದಳು, ಬಾಬಣ್ಣನ ತಂಡದಲ್ಲಿ ಐದನೆಯವಳು. ಎಡಗೈ ಆಟ. ರಾಗಿ, ಗೋಧಿ, ಯಾವ ದಿನ ಏನು ಬೀಸಿರುತ್ತಾಳೋ ಅದರ ಹಿಟ್ಟು ಅವಳ ಮೊಣಕೈವರೆಗೆ. ಮೇಜಿನ ಹಸಿರು ಬಟ್ಟೆಯ ಮೇಲೆ ಅವಳ ಅಂಗೈ ಊರಿದಲ್ಲೆಲ್ಲ ಗುರುತು ಉಳಿಯುತ್ತಿತ್ತು, ಪೂಲ್ ಮನೆಯ ಯಜಮಾನ ಬ್ರಶ್ ಹಿಡಿದು ಗೊಣಗುತ್ತಿದ್ದ. ನನ್ನ ಸೋಡಾ ಅವಳಿಗೆ ಇಷ್ಟ. ನನ್ನ ಮಾತು ಅಷ್ಟು ಇಷ್ಟವಿಲ್ಲ. "ರೀ ಫಾಲಾಕ್ಷ, ನೀವು ಹೇಳೋದನ್ನೆಲ್ಲ ಹತ್ತರಿಂದ ಭಾಗಿಸಿದರೆ ಎಷ್ಟು ಉಳೀತದೆ?" ಅಂತ ಕೇಳುತ್ತಿದ್ದಳು. ಹತ್ತರಿಂದ ಭಾಗಿಸಿದರೂ ದೊಡ್ಡದಾಗಿಯೇ ಉಳಿಯುವಂಥ ಒಂದು ಮಾತು ನನ್ನ ಹತ್ತಿರ ಇತ್ತು. ಅದನ್ನು ಹೇಳಲೆಂದೇ ಒಂದು ಮಧ್ಯಾಹ್ನ ಒಂದು ಪೆಟ್ಟಿಗೆ ಸೋಡಾ ಹೊತ್ತು ಗಿರಣಿಗೆ ಹೋದೆ.

"ಬಿಸಿಯಾಗಿದೆ, ಐಸಿಲ್ವಾ?" ಅಂದಳು.

"ಹಿಮಾಲಯಾನೇ ತರ್ತೀನಿ" ಅಂದೆ.

"ಮೂಲೆ ಅಂಗಡಿದು ಸಾಕು" ಅಂದಳು.

ಮೂಲೆ ತಿರುಗಿ ಐಸು ಹಿಡಿದು ಬಂದರೆ ಬೀದಿ ಇಲ್ಲ. ಸೀರೆ ಅಂಗಡಿಯ ಗೋಡೆಗೆ ಬೆಣ್ಣೆ ಅಂಗಡಿಯ ಗೋಡೆ ಅಂಟಿಕೊಂಡಿತ್ತು. ನಡುವೆ ಒಂದು ಹುಲ್ಲುಕಡ್ಡಿ ತೂರಿಸುವಷ್ಟೂ ಸಂದಿಯಿಲ್ಲ. ಆ ಐಸು ನನ್ನ ಕೈಯಲ್ಲಿ ಕರಗಲು ಒಂದು ವಾರ ಹಿಡಿಯಿತು. ನಂಬಿದರೆ ನಂಬಿ.

ಅವಳ ಆಟ ಆಡಲು ಯಾರು ಅಂದಾಗ ನಾನು ಕೈ ಎತ್ತಿದೆ. ದೊರೆಸ್ವಾಮಿ ನನ್ನನ್ನು ತಳ್ಳಿದ ಅಂತ ಎಲ್ಲರ ಹತ್ತಿರ ಹೇಳಿದ್ದೇನೆ, ನೀವೂ ಹಾಗೇ ಹೇಳಿ. ಎಡಗೈಯಲ್ಲಿ ಅನ್ನ ಕಲಸುವುದು, ಎಡಗೈಯಲ್ಲಿ ಬೀಗ ತೆಗೆಯುವುದು ಅಭ್ಯಾಸ ಮಾಡಿದೆ. ಮೊದಮೊದಲು ಅವಳ ಆಟವನ್ನು ಅವಳ ಅಳತೆಗೇ ಆಡಿದೆ. ಸುಳ್ಳು ಹೇಳಬಾರದು, ಅವಳ ಆಟ ಅಷ್ಟಕ್ಕಷ್ಟೆ. ಹತ್ತಿರದ ಚೆಂಡು ಹಾಕುತ್ತಿದ್ದಳು, ದೂರದ್ದು ಬಿಡುತ್ತಿದ್ದಳು. ಎಲ್ಲ ಸರಿಯಾಗಿ ಆಡಿ ಕಡೆಯ ಕಪ್ಪು ಚೆಂಡಿಗೆ ಬಂದಾಗ ಅವಳಿಗೆ ಏನೋ ಆಗಿಬಿಡುತ್ತಿತ್ತು. ಹೊಡೆಯುವ ಮುನ್ನ ತಲೆ ಎತ್ತಿ, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರಾ ಅಂತ ಒಂದು ಸುತ್ತು ನೋಡಿ, ತನಗೇ ನಗು ಬಂದು, ಕೋಲು ಜಾರಿ, ಬಿಳಿ ಚೆಂಡು ಅರ್ಧ ದಾರಿಗೇ ನಿಲ್ಲುತ್ತಿತ್ತು. ಇಡೀ ಪೂಲ್ ಮನೆ ಒಂದೇ ದನಿಯಲ್ಲಿ "ಮಂಗಳಾ..." ಅನ್ನುತ್ತಿತ್ತು. "ಹೋಗ್ಲಿ ಬಿಡ್ರಪ್ಪ, ಅದಕ್ಕೂ ಇಷ್ಟ ಇಲ್ಲ" ಅಂತ ಚೆಂಡನ್ನು ವಹಿಸಿಕೊಂಡು ಮಾತಾಡುತ್ತಿದ್ದಳು.

ಆದರೆ ನನ್ನ ಬಾಯಿಯ ಗುಣ ನನ್ನ ಎಡಗೈಗೂ ಬಂತು. ಒಂದು ಭಾನುವಾರ ಅವಳಿಗಾಗಿ ಒಂದು ದೂರದ ಚೆಂಡು ಹಾಕಿದೆ. ಯಾರೂ ತಡಿ ಅನ್ನಲಿಲ್ಲ. ಇನ್ನೊಂದು ಭಾನುವಾರ ಅಂಚಿಗೆ ಬಡಿಸಿ ಹಾಕಿದೆ. ಚಪ್ಪಾಳೆ. ಕಪ್ಪನ್ನೂ ಹಾಕಿದೆ, ತಲೆ ಎತ್ತದೆ, ನಗದೆ. ಜನ ತಲೆದೂಗಿದರು. ದೂರ ಹೋದವಳ ಬಗ್ಗೆ, ಅವಳಿಗೆ ಇದು ಬರುತ್ತಿರಲಿಲ್ಲ ಅಂತ ಬಾಯಿಬಿಟ್ಟು ಹೇಳುವವರು ಯಾರು? ಬಾಬಣ್ಣನ ತಂಡಕ್ಕಂತೂ ಗೆಲುವಿನ ಮೇಲೆ ಗೆಲುವು. ಮೂರನೆಯ ವರ್ಷ ಹಿಡಿಯುವಷ್ಟರಲ್ಲಿ ಮಂಗಳಾ ನಮ್ಮ ಲೀಗಿನ ರಾಣಿಯಾಗಿದ್ದಳು. ಹೆಣ್ಣುಮಕ್ಕಳು ಎಡಗೈ ಆಟ ಕಲಿಯಲು ಬಂದರು. ಅವಳ ಒಂದು ಹೊಡೆತಕ್ಕೆ ಮೇಜು ಎರಡು ಗೇಣು ಸರಿದಿತ್ತಂತೆ ಅಂತ ನನಗೇ ಬಂದು ಹೇಳಿದರು. ನಾನು ಎರಡಲ್ಲ, ನಾಲ್ಕು ಅಂತ ತಿದ್ದಿದೆ.

ಆ ವರ್ಷ ಕಡೆಯ ಪಂದ್ಯ ಬಾಬಣ್ಣನ ಬ್ಯಾಂಡ್ ತಂಡಕ್ಕೂ ನಮ್ಮ ಗೋಲಿ ತಂಡಕ್ಕೂ ಬಿತ್ತು. ಹಿಂದಿನ ದಿನ ಬಾಬಣ್ಣ ಅಂಗಡಿಗೆ ಬಂದು, ಸೋಡಾ ಒಡೆಸಿಕೊಂಡು, ಕುಡಿಯದೆ ಕೈಯಲ್ಲೇ ಹಿಡಿದು ಕೂತರು.

"ಫಾಲಾಕ್ಷ, ನನ್ನ ಅಳಿಯ ಎರಡು ವರ್ಷದಿಂದ ಬೆಂಚಿನ ಮೇಲೆ ಕೂತಿದಾನೆ. ಚೆನ್ನಾಗಿ ಆಡ್ತಾನೆ. ಬೇರೆ ತಂಡಕ್ಕೆ ಹೋಗ್ತೀನಿ ಅಂತಾನೆ."

"ಹೋಗಲಿ ಬಿಡಿ ಬಾಬಣ್ಣ."

"ಮಗಳು ಮನೇಲಿ ಊಟ ಬಡಿಸಲ್ಲ ಮಾರಾಯ. ಹುಡುಗರು ಒಂದು ಮಾತಿಗೆ ಬಂದಿದಾರೆ. ನಾಳೆ ಕಪ್ ನಮಗೆ ಬಂದರೆ ಮಂಗಳಾ ಕುರ್ಚಿ ಇರ್ತದೆ. ಬರಲಿಲ್ಲ ಅಂದ್ರೆ ಎತ್ತಿಬಿಡ್ತೀವಿ."

ನಮ್ಮೂರಿನಲ್ಲಿ ಕುರ್ಚಿ ಎತ್ತುವುದು ಅಂದರೆ ಏನು ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಕುರ್ಚಿ ಇರುವ ತನಕ ಅವರ ಬಗ್ಗೆ ಕೇಳಿದರೆ "ಇನ್ನೂ ಬಂದಿಲ್ಲ" ಅನ್ನುತ್ತೇವೆ. ಎತ್ತಿದ ಮೇಲೆ "ಇದ್ದರು" ಅನ್ನುತ್ತೇವೆ. ಅಷ್ಟೇ ವ್ಯತ್ಯಾಸ. ಆ ರಾತ್ರಿ ನನಗೆ ಬಂದಂಥ ನಿದ್ದೆ ಶತ್ರುವಿಗೂ ಬೇಡ.

ಭಾನುವಾರ ಪೂಲ್ ಮನೆಯಲ್ಲಿ ಒಂದು ಲಕ್ಷ ಜನ. ಸರಿ, ಕಿಟಕಿಯಲ್ಲಿ ಕೂತವರನ್ನೂ ಸೇರಿಸಿ ಅರವತ್ತು ಇರಬಹುದು. ಹಿಂದುಗಡೆ, ಗೋಡೆಗೆ ಒರಗಿ, ಕಂಕುಳಲ್ಲಿ ಬಟ್ಟೆಯ ಚೀಲ ಇಟ್ಟುಕೊಂಡು ಸಣ್ಣತಾಯಮ್ಮ ನಿಂತಿದ್ದರು. ಮಂಗಳಾಳ ತಾಯಿ. ಎಂದೂ ಅಲ್ಲಾಡದ ಕೋಟೆ ಬೀದಿಯಲ್ಲಿ ಹಪ್ಪಳ ಮಾಡಿಕೊಂಡಿರುವವರು, ಪೂಲ್ ಮನೆಯ ಹೊಸ್ತಿಲು ತುಳಿದದ್ದು ಅದೇ ಮೊದಲು. ಮಗಳ ಕುರ್ಚಿಯ ಮಾತು ಅವರ ಕಿವಿಗೂ ಬಿದ್ದಿತ್ತು.

ನಾಲ್ಕು ಆಟ ಮುಗಿದಾಗ ಎರಡು ನಮಗೆ, ಎರಡು ಅವರಿಗೆ. ಯಾರಿಗೆ ಯಾರು ಅಂತ ನಮ್ಮಲ್ಲಿ ಚೀಟಿ ಎತ್ತುತ್ತಾರೆ. ಐದನೆಯ ಆಟಕ್ಕೆ ಉಳಿದದ್ದು ನಮ್ಮ ಕಡೆಯಿಂದ ಫಾಲಾಕ್ಷ, ಅವರ ಕಡೆಯಿಂದ ಮಂಗಳಾ. ಅಂದರೆ ನಾನು ಮತ್ತು ನಾನು.

ಮೊದಲು ಜನ ನಕ್ಕರು. ಆಮೇಲೆ ಲೆಕ್ಕ ಅರ್ಥವಾಗಿ ಮೇಜಿನ ಸುತ್ತ ಒತ್ತಿಕೊಂಡು ನಿಂತರು. ದೊರೆಸ್ವಾಮಿ ನನ್ನ ಕುತ್ತಿಗೆಪಟ್ಟಿ ಹಿಡಿದು ಕಿವಿಯಲ್ಲಿ ಹೇಳಿದ, "ಲೋ, ಬಲಗೈದನ್ನ ಎಡಗೈಗೆ ದಾನ ಮಾಡಿದೆಯೋ, ನಿನ್ನ ಅಂಗಡಿ ಮುಂದೇನೇ ಗಾಣ ಹಾಕ್ತೀನಿ."

"ನನ್ನ ಬಲಗೈ ಸೋಲೋದನ್ನ ಇನ್ನೂ ಕಲಿತಿಲ್ಲ ದೊರೆಸ್ವಾಮಿ" ಅಂದೆ. ಅದು ನಿಜವೇ.

ಅಂಥ ಆಟ ನಾನು ಹಿಂದೆ ಆಡಿಲ್ಲ, ಮುಂದೆ ಆಡುವುದಿಲ್ಲ. ಗೀಟಿನ ಚೆಂಡುಗಳು ನನ್ನವು, ಗೀಟಿಲ್ಲದವು ಅವಳವು, ಇಬ್ಬರಿಗೂ ಕಡೆಗೆ ಆ ಒಂದು ಕಪ್ಪು. ಬಲಗೈಯಲ್ಲಿ ಹೊಡೆಯುತ್ತಿದ್ದೆ. ಚೆಂಡು ತಪ್ಪಿದ ಕೂಡಲೇ ಕೋಲನ್ನು ಎಡಗೈಗೆ ಕೊಡುತ್ತಿದ್ದೆ. ಕೊಡುವವನು ನಾನು, ತೆಗೆದುಕೊಳ್ಳುವವಳು ಅವಳು. ಬೆರಳಿಗೆ ಬೆರಳು ತಾಗುತ್ತಿತ್ತು. ಮೇಜನ್ನು ಸುತ್ತಿ ಅವಳ ಕಡೆಗೆ ಹೋದಾಗ, ಈಗಷ್ಟೇ ಅವಳು ಅಲ್ಲಿಂದ ಎದ್ದು ನಾನಿದ್ದ ಕಡೆಗೆ ಹೋದಂತೆ ಅನ್ನಿಸುತ್ತಿತ್ತು. ಸುತ್ತು ಬಂದರೆ ಮತ್ತೆ ಎದುರಿನಿಂದ ಎದ್ದಿರುತ್ತಿದ್ದಳು. ಇಬ್ಬರೇ ಒಂದು ಮಧ್ಯಾಹ್ನ ಆಡಬೇಕು ಅಂತ ನಾನು ಎಷ್ಟು ದಿನ ಅಂದುಕೊಂಡಿದ್ದೆನೋ ಲೆಕ್ಕವಿಲ್ಲ. ಬಾಯಲ್ಲಿ ಮಾತ್ರ ಯಾವತ್ತೂ ಬಂದಿರಲಿಲ್ಲ. ಈ ಆಟ ಮುಗಿಯದಿದ್ದರೆ ಸಾಕು ಅಂತ ಸುಲಭದ ಚೆಂಡುಗಳನ್ನು ಬಿಟ್ಟು ಕಷ್ಟದವನ್ನು ಹುಡುಕಿ ಹೊಡೆದೆ. ಹಾಳಾದ್ದು, ನನ್ನ ಕೈಗೆ ಕಷ್ಟದವೂ ಬೀಳುತ್ತವೆ.

ಕೊನೆಗೆ ಎರಡೂ ಕಡೆಯ ಚೆಂಡು ಖಾಲಿಯಾಗಿ ಕಪ್ಪು ಒಂದೇ ಉಳಿಯಿತು. ಮೇಜಿನ ನಡುವೆ ಇತ್ತು. ಸರದಿ ಮಂಗಳಾಳದು. ಕೋಲು ಎಡಗೈಯಲ್ಲಿ. ಇದನ್ನು ಹಾಕಿದರೆ ಕಪ್ ಬಾಬಣ್ಣನಿಗೆ, ಕುರ್ಚಿ ಅವಳಿಗೆ. ನೇರವಾಗಿ ಹಾಕಬಹುದಿತ್ತು. ಆದರೆ ರಾಣಿಯ ಆಟಕ್ಕೆ ಅದು ಸಾಲದು ಅಂತ, ಆಚೆಯ ಅಂಚಿಗೆ ಬಡಿಸಿ ಮೂಲೆಗೆ ತರುವ ಹೊಡೆತಕ್ಕೆ ಬಾಗಿದೆ.

"ತಡೀರಪ್ಪ."

ಗಟ್ಟಿ ದನಿಯೇನಲ್ಲ. ಎಲ್ಲರೂ ತಿರುಗಿದರು. ಸಣ್ಣತಾಯಮ್ಮ ಚೀಲ ಹಿಡಿದು ಮೇಜಿನ ಹತ್ತಿರ ಬಂದರು.

"ಇದು ಯಾರ ಆಟ ಆಡ್ತಾ ಇದೀಯಪ್ಪ?"

"ನಿಮ್ಮ ಮಗಳದೇ ಅಮ್ಮ."

"ನನ್ನ ಮಗಳು ಇದನ್ನ ಹಾಕ್ತಿರಲಿಲ್ಲ. ತಪ್ಪಿಸಿದ್ದನ್ನ ಬಂದು ನನ್ನ ಹತ್ರ ಹೇಳ್ಕೊಂಡು ನಗ್ತಿದ್ದಳು."

ಬಾಬಣ್ಣ ಎದ್ದು ಬಂದರು. "ಅಮ್ಮ, ಇದು ಬಿದ್ದರೆ ಕುರ್ಚಿ ಉಳೀತದೆ. ಸುಮ್ನಿರಿ."

"ಯಾರ ಕುರ್ಚಿ?" ಅಂದರು ಸಣ್ಣತಾಯಮ್ಮ. "ಆಗಿಂದ ನೋಡ್ತಾ ಇದೀನಿ. ಮೇಜು ಸರಿಸಿದಳಂತೆ, ಅಂಚಿಗೆ ಬಡಿಸಿದಳಂತೆ. ಅದ್ಯಾರೋ ಮಹಾತಾಯಿ, ನನಗೆ ಗೊತ್ತಿಲ್ಲ. ನೀವು ಕುರ್ಚಿ ಹಿಡಿದಿರೋದು ಅವಳಿಗೆ. ನಾಳೆ ನನ್ನ ಮಗಳು ಬಂದರೆ ಎಲ್ಲಿ ಕೂರಬೇಕು? ನೀವೆಲ್ಲ ಆಡು ಅಂತ ಕೋಲು ಕೊಡ್ತೀರಿ, ಅವಳಿಗೆ ಬರಲ್ಲ. ಇವಳಲ್ಲ ಅವಳು ಅಂತೀರಿ."

ಬಾಬಣ್ಣ ಹಿಂದೆ ಸರಿದರು. ಕಿಟಕಿಯಲ್ಲಿದ್ದವರು ಒಳಗೆ ಬಗ್ಗಿದರು.

"ಪಂಕ್ತೀಲಿ ಉಂಡವರು ಹೇಳಬಹುದು ಅಂದ್ರಲ್ಲ," ಸಣ್ಣತಾಯಮ್ಮ ನನ್ನ ಕಡೆ ತಿರುಗಿದರು. "ನಾನು ಉಣ್ಣಿಸಿದವಳು. ಹೇಳಬಹುದೋ ಇಲ್ವೋ?"

"ಹೇಳಬಹುದು" ಅಂದೆ.

ಕೋಲು ಹಿಂದಕ್ಕೆ ತೆಗೆದೆ. ನನ್ನ ಜೀವನದಲ್ಲಿ ನಾನು ಎಷ್ಟೋ ಅಸಾಧ್ಯ ಹೊಡೆತ ಹೊಡೆದಿದ್ದೇನೆ, ಅವುಗಳಲ್ಲಿ ಅರ್ಧ ನಡೆದೇ ಇಲ್ಲ. ಇದೊಂದು ನಡೆದದ್ದು. ನೇರಕ್ಕೆ ಬಾಗಿದೆ. ತಲೆ ಎತ್ತಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರಾ ಅಂತ ಒಂದು ಸುತ್ತು ನೋಡಿದೆ. ನೋಡುತ್ತಿದ್ದರು. ಆಗ, ನಗಬೇಕು ಅಂತ ನಾನು ಅಂದುಕೊಳ್ಳುವ ಮೊದಲೇ ನಗು ಬಂತು, ಗಂಟಲಿನಿಂದಲ್ಲ, ಇನ್ನೆಲ್ಲಿಂದಲೋ. ಕೋಲು ಜಾರಿತು. ಬಿಳಿ ಚೆಂಡು ಅರ್ಧ ದಾರಿಗೆ ಹೋಗಿ, ಯೋಚನೆ ಮಾಡಿದಂತೆ ನಿಂತಿತು.

"ಮಂಗಳಾ..." ಅಂತು ಪೂಲ್ ಮನೆ.

ಯಾರು ಮೊದಲು ಶುರು ಮಾಡಿದರೋ ತಿಳಿಯದು. ಬಾಬಣ್ಣ, ದೊರೆಸ್ವಾಮಿ, ಇಸ್ತ್ರಿ ಚಿಕ್ಕಣ್ಣ, ಬ್ರಶ್ ಹಿಡಿದ ಯಜಮಾನ, ಬೆಂಚಿನ ಮೇಲಿನ ಅಳಿಯ ಕೂಡ. ಎರಡು ವರ್ಷದಿಂದ ಆ ಮನೆಯಲ್ಲಿ ಯಾರೂ ಆ ರಾಗದಲ್ಲಿ ಆ ಹೆಸರು ಕರೆದಿರಲಿಲ್ಲ. ರಾಣಿಯನ್ನು ಹಾಗೆ ಕರೆಯುವುದು ಹೇಗೆ? "ಹೋಗ್ಲಿ ಬಿಡ್ರಪ್ಪ, ಅದಕ್ಕೂ ಇಷ್ಟ ಇಲ್ಲ" ಅಂದೆ. ದನಿ ನನ್ನದೇ, ಆದರೆ ಬಾಬಣ್ಣ ಮುಖ ಆಚೆ ತಿರುಗಿಸಿಕೊಂಡರು.

ಆಮೇಲೆ ಸರದಿ ನನ್ನದು. ಕೋಲು ಬಲಗೈಗೆ ಬಂತು. ಕಪ್ಪು ಅಲ್ಲೇ ಇತ್ತು, ಪಾಕೆಟ್ಟಿಗೆ ನೇರ, ಕಣ್ಣು ಮಂದವಾದವನೂ ಹಾಕುವಂಥದ್ದು. ಒಂದೇ ಒಂದು ಸಲ ತಪ್ಪಿಸು ಅಂತ ನನ್ನ ಕೈಯನ್ನು ಬೇಡಿಕೊಂಡೆ. ಫಾಲಾಕ್ಷ ತಪ್ಪಿಸುತ್ತಾನೆ ಅಂದರೆ ನಂಬುವವರು ಯಾರು, ನೂರು ಜನ ತಡಿ ಅನ್ನುತ್ತಿದ್ದರು. ಅದೂ ಅಲ್ಲದೆ ಬಲಗೈಗೆ ಸೋಲಲು ಬರುವುದಿಲ್ಲ, ಮೊದಲೇ ಹೇಳಿದ್ದೇನೆ. ಹೊಡೆದೆ. ಬಿತ್ತು. ನಮ್ಮವರು ನನ್ನನ್ನು ಹೆಗಲ ಮೇಲೆ ಎತ್ತಿದರು. ಮೇಲಿನಿಂದ ನೋಡಿದೆ. ಬಾಬಣ್ಣ ಎರಡೂ ಕೈಯಲ್ಲಿ, ಮಲಗಿದ ಮಗುವನ್ನು ಎತ್ತುವ ಹಾಗೆ, ಆ ಕುರ್ಚಿ ಎತ್ತಿ ಗೋಡೆಯ ಬದಿಗೆ ಇಟ್ಟರು. ಕೊಟ್ಟ ಮಾತು, ಅವರೇನು ಮಾಡುತ್ತಾರೆ.

ಜನ ಕಪ್ ಹಿಡಿದು ಕಬ್ಬಿನ ಹಾಲು ಕುಡಿಯಲು ದೊರೆಸ್ವಾಮಿಯ ಗಾಣಕ್ಕೆ ಹೋದರು. ಗೆದ್ದವನು ಸೋಡಾದವನು, ಕುಡಿಯುವುದು ಕಬ್ಬಿನ ಹಾಲು, ನಮ್ಮೂರಿನ ನ್ಯಾಯ ಹೀಗೆ. ನಾನು ಹೋಗಲಿಲ್ಲ. ಚೆಂಡುಗಳನ್ನು ಪೆಟ್ಟಿಗೆಗೆ ಹಾಕುತ್ತಾ ನಿಂತಿದ್ದೆ. ಕಿಟಕಿಯಿಂದ ಬಿಸಿಲು ಮೇಜಿನ ಮೇಲೆ ಬಂದಿತ್ತು. ಸಣ್ಣತಾಯಮ್ಮ ಇನ್ನೂ ಅಲ್ಲೇ ಇದ್ದರು. ಗೋಡೆಯ ಬದಿಯ ಆ ಕುರ್ಚಿಯಲ್ಲಿ ಕೂತು, ಚೀಲವನ್ನು ಕಾಲ ಹತ್ತಿರ ಇಟ್ಟುಕೊಂಡಿದ್ದರು.

ತಪ್ಪಾಯ್ತು ಅಂತ ಹೇಳಬೇಕೋ, ನಿಮ್ಮಿಂದ ಕುರ್ಚಿ ಹೋಯ್ತು ಅಂತ ಜಗಳ ತೆಗೆಯಬೇಕೋ ತಿಳಿಯದೆ ಪೆಟ್ಟಿಗೆಗೆ ಹಾಕಿದ ಚೆಂಡನ್ನೇ ತೆಗೆದು ಮತ್ತೆ ಹಾಕಿದೆ. ಎಂದೂ ಮಾತಿಗೆ ತಡವರಿಸದ ನಾನು.

"ಅವಳು ಹಾಗೇ ತಲೆ ಎತ್ತುತ್ತಿದ್ದಳು, ಅಲ್ವಾ" ಅಂದರು. "ಚಿಕ್ಕವಳಿದ್ದಾಗ ನೀರಿನ ಬಿಂದಿಗೆ ಹೊತ್ತಾಗಲೂ ಹಂಗೇ. ಯಾರು ನೋಡ್ತಾರೆ ಅಂತ ನೋಡಿ, ನಕ್ಕು, ಅರ್ಧ ಚೆಲ್ಲೋಳು."

"ಹೌದಮ್ಮ."

ಅವರು ಮೇಜಿನ ಕಡೆ ಕೈ ತೋರಿದರು.

"ಇನ್ನೊಂದ್ಸಲ ತಪ್ಪಿಸಪ್ಪ."

ಕಪ್ಪು ಚೆಂಡನ್ನು ಪೆಟ್ಟಿಗೆಯಿಂದ ತೆಗೆದು ಮೇಜಿನ ನಡುವೆ, ಬಿಳಿಯದನ್ನು ಈಚೆ ಇಟ್ಟೆ. ಕೋಲನ್ನು ಎಡಗೈಗೆ ಕೊಟ್ಟೆ. ತಲೆ ಎತ್ತಿದೆ, ನಕ್ಕೆ, ತಪ್ಪಿಸಿದೆ.

"ಅವಳು ಇನ್ನೂ ಸ್ವಲ್ಪ ಬೇಗ ನಗ್ತಿದ್ದಳು" ಅಂದರು.

ಮತ್ತೆ ಇಟ್ಟೆ.